ಇಪ್ಪತ್ತೆರಡು ಜೊತೆ ತೋಳು

ಮಾರ್ಚ್ 4

ಪ್ರೀತಿಯ ಮೆಣಸೂ,

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಹೊಲಿಗೆ ಯಂತ್ರದ ಮೇಲೇ ತಲೆಯಿಟ್ಟು ಕಣ್ಣು ಮುಚ್ಚಿದ್ದೆ. ಕೆಟ್ಟ ಕನಸು ಬಿತ್ತು. ನಿನ್ನ ಪಾರ್ಸೆಲ್ ಡಿಪೋದ ರಬ್ಬರ್ ಪಟ್ಟಿ ನಮ್ಮ ಅಂಗಡಿಯೊಳಗೇ ಹರಿದು ಬರುತ್ತಿತ್ತು. ಅದರ ಮೇಲೆ ಪಾರ್ಸೆಲ್ ಇಲ್ಲ, ನಾವೇ ಸಾಲಾಗಿ ಕೂತಿದ್ದೆವು. ನಿನ್ನ ಭಾವ, ನಾನು, ಎದುರು ಬೇಕರಿಯವರು, ಸತ್ತುಹೋದ ಸೋದರತ್ತೆ ಕೂಡ. ನಿನ್ನ ಯಂತ್ರ ಒಬ್ಬೊಬ್ಬರ ಹಣೆ ಓದಿ ಯಾವ ಬಾಗಿಲಿಗೆ ತಳ್ಳಬೇಕು ಅಂತ ಯೋಚನೆ ಮಾಡುತ್ತಿತ್ತು. ನನ್ನ ಸರದಿ ಬಂದಾಗ ಬಾಯಿ ಬಿಟ್ಟುಕೊಂಡು "ಇರಿ, ಇರಿ" ಅಂತು. ಅಷ್ಟರಲ್ಲಿ ನಾನು ಮುಂದೆ ಹೋಗಿಯೇಬಿಟ್ಟೆ. ಪಟ್ಟಿಯ ಕೊನೆಯಲ್ಲಿ 'ಯಾರದೋ ಗೊತ್ತಿಲ್ಲ' ಅಂತ ಬರೆದ ದೊಡ್ಡ ಬುಟ್ಟಿ. ಅದರಲ್ಲಿ ಸೋದರತ್ತೆ ಆಗಲೇ ಕಾಲು ಚಾಚಿ ಕೂತಿದ್ದರು. "ಬಾರೇ, ಜಾಗ ಇದೆ" ಅಂದರು.

ಎದ್ದಾಗ ಸೂಜಿ ಕೆನ್ನೆಯಿಂದ ಒಂದು ಅಂಗುಲ ದೂರದಲ್ಲಿತ್ತು.

ಕನಸು ಸುಳ್ಳಲ್ಲ. ಮೂರರಲ್ಲಿ ಒಂದು ಪಾರ್ಸೆಲ್ ಆ ಬುಟ್ಟಿಗೇ ಬೀಳುತ್ತಿದೆ, ಯಂತ್ರ ಯೋಚಿಸಿ ಮುಗಿಸುವ ಮುಂಚೆ ಪಾರ್ಸೆಲ್ ದಾಟಿಹೋಗುತ್ತದೆ ಅಂತ ನೀನೇ ಹೋದ ಕಾಗದದಲ್ಲಿ ಬರೆದಿದ್ದೆ. ಮೇ ಮೂವತ್ತಕ್ಕೆ ಪರೀಕ್ಷೆ. ಅದರಲ್ಲಿ ಸೋತರೆ ಯಂತ್ರವನ್ನು ಬಿಚ್ಚಿ ಗುಜರಿಗೆ ಹಾಕುತ್ತಾರೆ, ನಿನ್ನ ಕೆಲಸವೂ ಅಲ್ಲಿಗೆ ಮುಗಿಯಿತು ಅಂತಲೂ ಬರೆದಿದ್ದೆ. ಅದನ್ನು ಕೊನೆಯ ಸಾಲಿನಲ್ಲಿ, 'ಇಲ್ಲಿ ಸೆಕೆ ಜಾಸ್ತಿ' ಅನ್ನುವುದರ ಪಕ್ಕದಲ್ಲಿ ಬರೆದರೆ ನನಗೆ ಕಾಣುವುದಿಲ್ಲ ಅಂದುಕೊಂಡೆಯಾ?

ಅದು ಯಾಕೆ ಅಷ್ಟು ನಿಧಾನ? ಕರೆಂಟು ಸಾಲದೇ? ಹಳೆಯದೇ? ನನಗೆ ಅರ್ಥವಾಗುವ ಹಾಗೆ ಬರಿ. ಏಳನೇ ಕ್ಲಾಸನ್ನು ಮೂರು ಸಲ ಶುರು ಮಾಡಿ ಒಂದು ಸಲವೂ ಮುಗಿಸದವಳು ನಾನು. ಮೊದಲನೇ ಸಲ ಅಪ್ಪನ ಕಾಲು ಮುರಿಯಿತು. ಎರಡನೇ ಸಲ ಅಮ್ಮನಿಗೆ ಕಾಮಾಲೆ. ಮೂರನೇ ಸಲ ನೀನು ಹುಟ್ಟಿದೆ. ಮೂರರಲ್ಲಿ ದೊಡ್ಡ ಅನಾಹುತ ಯಾವುದು ಅಂತ ಇನ್ನೂ ತೀರ್ಮಾನವಾಗಿಲ್ಲ.

ಫೋನ್ ಮಾಡಬೇಡ, ಕಾಗದ ಬರಿ. ಫೋನಿನಲ್ಲಿ ನನ್ನ ಚಿಂತೆ ಅರ್ಧಕ್ಕೇ ಕಟ್ ಆಗುತ್ತದೆ.

ನಿನ್ನ ಅಕ್ಕ


ಮಾರ್ಚ್ 11

ಅಕ್ಕಾ,

ಕರೆಂಟು ಬೇಕಾದಷ್ಟಿದೆ. ಯಂತ್ರ ಹೊಸದು. ಅದರ ಮಿದುಳು, ಅಂದರೆ ಪ್ರೊಸೆಸರ್, ಮಿಂಚಿನ ಹಾಗೆ ಕೆಲಸ ಮಾಡುತ್ತದೆ. ತೊಂದರೆ ಯೋಚನೆಯದಲ್ಲ, ಕಾಯುವುದರದು.

ನಿನ್ನ ಅಂಗಡಿಯನ್ನೇ ತಗೋ. ನೀನು ಕೂತಿರುವ ಮೇಜಿನ ಮೇಲೆ ನಾಲ್ಕು ಸಾಮಾನು ಹಿಡಿಯುತ್ತದೆ. ಬೇಕಾದ್ದು ಅಲ್ಲೇ ಇದ್ದರೆ ಕೈ ಚಾಚಿದರೆ ಸಾಕು. ಆ ಮೇಜಿಗೆ ನಮ್ಮಲ್ಲಿ ಕ್ಯಾಶ್ ಅಂತಾರೆ. (ದುಡ್ಡಲ್ಲ. ಗಾಬರಿಯಾಗಬೇಡ.) ಮೇಜಿನ ಮೇಲೆ ಇಲ್ಲದ್ದು ಅಟ್ಟದಲ್ಲಿದೆ. ಅದಕ್ಕೆ ಏಣಿ ಹಾಕಬೇಕು, ಹತ್ತಬೇಕು, ಇಳಿಯಬೇಕು. ಅಟ್ಟಕ್ಕೆ ನಾವು ಮೆಮೊರಿ ಅನ್ನುತ್ತೇವೆ. ನನ್ನ ಯಂತ್ರ ದಿನವಿಡೀ ಏಣಿಯ ಮೇಲೇ ಇದೆ.

ಇನ್ನೊಂದು ವಿಚಿತ್ರ. ಅಟ್ಟದಿಂದ ಒಂದೇ ಒಂದು ಗುಂಡಿ ತರುವ ಹಾಗಿಲ್ಲ. ಆ ಗುಂಡಿ ಇರುವ ತಟ್ಟೆಯನ್ನು ಇಡಿಯಾಗಿ ತರಬೇಕು, ಅಕ್ಕಪಕ್ಕ ಏನಿದ್ದರೂ ಸರಿ. ನಾನೋ ಪ್ರತಿ ಪಾರ್ಸೆಲ್‌ಗೂ ಒಂದು ಗಂಟು ಕಟ್ಟಿಟ್ಟಿದ್ದೇನೆ. ಅದರಲ್ಲಿ ಪಾರ್ಸೆಲ್ ನಂಬರು, ಕಳಿಸಿದವರು, ಪಡೆಯುವವರು, ವಿಳಾಸ, ತೂಕ, ಹೋಗಬೇಕಾದ ಬಾಗಿಲು ಎಲ್ಲ ಇದೆ. ದಿನಕ್ಕೆ ಇಪ್ಪತ್ತು ಸಾವಿರ ಗಂಟು. ಕ್ಯಾಮೆರಾ ಒಂದು ನಂಬರು ಓದಿದಾಗ ಆ ನಂಬರು ಯಾವ ಗಂಟಿನಲ್ಲಿದೆ ಅಂತ ಹುಡುಕಬೇಕು. ಪ್ರತಿ ಸಲ ಏಣಿ ಹತ್ತಿ ತಟ್ಟೆ ತಂದರೆ ಅದರ ತುಂಬ ಯಾರದೋ ಬೀದಿಯ ಹೆಸರು. ನಂಬರು ಮೂಲೆಯಲ್ಲಿ ಒಂದೇ ಒಂದು.

ನಿಮಿಷಕ್ಕೆ ತೊಂಬತ್ತು ಪಾರ್ಸೆಲ್ ಆಗಬೇಕು, ಅರವತ್ತು ಆಗುತ್ತಿದೆ. ನಮ್ಮ ಮೇಲ್ವಿಚಾರಕರು ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಾರೆ. ಅವರಿಗೆ ನಾವು ಇಟ್ಟ ಹೆಸರೇ ಗಡಿಯಾರ. ಸೋತರೆ ಸೋತೆ, ಬಂದು ನಿನ್ನ ಜೊತೆ ಗುಂಡಿ ಹೊಲಿಯುತ್ತೇನೆ.

ಮೆಣಸು


ಮಾರ್ಚ್ 19

ಪ್ರೀತಿಯ ಮೆಣಸೂ,

ಗುಂಡಿ ಹೊಲಿಯುವುದು ಅಷ್ಟು ಸಸಾರವಾಗಿ ಹೋಯಿತೇ? ನೀನು ಆರನೇ ವಯಸ್ಸಿನಲ್ಲಿ ಹೊಲಿದ ಗುಂಡಿ ಇನ್ನೂ ಅಪ್ಪನ ಶರ್ಟಿನ ಜೊತೆಗೆ ಅವರ ಬನಿಯನ್ನನ್ನೂ ಹಿಡಿದುಕೊಂಡಿದೆ. ಈ ಕಸುಬನ್ನು ನಂಬಿಕೊಳ್ಳಬೇಡ. ಅಲ್ಲೇ ಗೆಲ್ಲು.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನಿನ್ನ ಭಾವನಿಗೂ ಓದಿಸಿದೆ. "ಪಾಪ, ಆ ಯಂತ್ರಕ್ಕೆ ಮಂಡಿ ನೋವು ಬರಲ್ವಾ?" ಅಂದರು. ಅವರಿಗೆ ಎಲ್ಲವೂ ತಮಾಷೆ.

ನಾನೂ ನಿನ್ನ ಹಾಗೆ ಗಂಟು ಕಟ್ಟಿಯೇ ಇಡುವವಳು. ಒಬ್ಬ ಗಿರಾಕಿಗೆ ಒಂದು ಗಂಟು. ಅವರ ಎದೆಭಾಗ, ಬೆನ್ನು, ತೋಳು, ಕಾಲರು, ಗುಂಡಿ, ಅಳತೆ ಚೀಟಿ ಎಲ್ಲ ಒಟ್ಟಿಗೆ. ಬೆಳಿಗ್ಗೆ ಬಂದ ತಕ್ಷಣ ಗಂಟುಗಳನ್ನು ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಬರುವ ಹಾಗೆ ಪೇರಿಸದಿದ್ದರೆ ನನಗೆ ಸಮಾಧಾನವಿಲ್ಲ. ಗೋಪುರ ಬಿದ್ದರೆ? ಯಾರದ್ದಾದರೂ ತಲೆ ಮೇಲೆ ಬಿದ್ದರೆ?

ಆದರೆ ಗುಂಡಿ ತೂರಿಸುವ ಕಾಜ ಮಾಡುವ ದಿನ ಒಂದೊಂದೇ ಗಂಟು ಬಿಚ್ಚಿ, ಒಂದು ಕಾಜ ಮಾಡಿ, ಮತ್ತೆ ಕಟ್ಟಿ, ಇನ್ನೊಂದು ಬಿಚ್ಚುತ್ತ ಕೂತರೆ ಸಂಜೆಯೊಳಗೆ ಆಗುತ್ತದೆಯೇ? ಅವತ್ತು ಬುಟ್ಟಿ ಹಿಡಿದು ಹೋಗಿ ಎಲ್ಲಾ ಗಂಟಿನಿಂದಲೂ ಎದೆಭಾಗ ಮಾತ್ರ ಎಳೆದುಕೊಂಡು ಬರುತ್ತೇನೆ. ಬೆನ್ನಿಗೆ ಅಲ್ಲೇನು ಕೆಲಸ? ನಿನ್ನ ಯಂತ್ರಕ್ಕೆ ಬೇಕಿರುವುದು ನಂಬರು ಮಾತ್ರ ಆದರೆ ಇಪ್ಪತ್ತು ಸಾವಿರ ನಂಬರನ್ನೂ ಒಂದೇ ಕಡೆ ಒತ್ತೊತ್ತಾಗಿ ಇಡಬಾರದೇ? ತಟ್ಟೆ ತಂದರೆ ತಟ್ಟೆ ತುಂಬ ನಂಬರೇ ಇರುತ್ತದಲ್ಲ. ಇದೇನು ದಡ್ಡ ಪ್ರಶ್ನೆಯೋ ಏನೋ. ದಡ್ಡದಾದರೆ ಯಾರಿಗೂ ತೋರಿಸಬೇಡ, ಹರಿದು ಹಾಕು.

ನನಗೂ ದೊಡ್ಡ ಕೆಲಸ ಬಂದಿದೆ. ಬ್ಯಾಂಡ್ ಮಾಸ್ತರು ತಮ್ಮ ತಂಡಕ್ಕೆ ಇಪ್ಪತ್ತೆರಡು ಕೋಟು ಹೇಳಿದ್ದಾರೆ. ಎಲ್ಲ ಒಂದೇ ಕೆಂಪು ಬಟ್ಟೆ. ಬಟ್ಟೆ ಸಾಲುತ್ತದೋ ಇಲ್ಲವೋ ಅಂತ ಆಗಲೇ ಮೂರು ಸಲ ಅಳೆದಿದ್ದೇನೆ.

ನಿನ್ನ ಅಕ್ಕ


ಏಪ್ರಿಲ್ 2

ಅಕ್ಕಾ! ಅಕ್ಕಾ! ಅಕ್ಕಾ!

ಗಂಟು ಬಿಚ್ಚಿ ಹಾಕಿದೆ. ಎಲ್ಲಾ ನಂಬರು ಒಂದು ಸಾಲು, ಎಲ್ಲಾ ಬಾಗಿಲು ಒಂದು ಸಾಲು, ವಿಳಾಸದಂಥ ಹೊರೆಯೆಲ್ಲ ದೂರದ ಇನ್ನೊಂದು ಸಾಲು. ನೂರು ಪೆಟ್ಟಿಗೆ ಇಟ್ಟು ಓಡಿಸಿದೆ. ನಿಮಿಷಕ್ಕೆ ನೂರಾ ಹತ್ತು! ಒಂದೂ ಬುಟ್ಟಿಗೆ ಬೀಳಲಿಲ್ಲ. ಗಡಿಯಾರ ತಮ್ಮ ಕೈಗಡಿಯಾರವನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿಕೊಂಡರು.

ಇದರ ಸೊಗಸು ಏನು ಗೊತ್ತಾ? ಯಾವ ತುಣುಕಿನ ಮೇಲೂ 'ಇದು ಇಂಥವರದ್ದು' ಅಂತ ಬರೆಯಬೇಕಾಗಿಲ್ಲ. ನಂಬರಿನ ಸಾಲಿನಲ್ಲಿ ಹದಿನೇಳನೆಯದು ಯಾರದ್ದೋ, ಬಾಗಿಲಿನ ಸಾಲಿನಲ್ಲೂ ಹದಿನೇಳನೆಯದು ಅವರದ್ದೇ. ಜಾಗವೇ ಹೆಸರು. ಅಷ್ಟು ಬರಹ ಉಳಿಯಿತು, ಅಷ್ಟು ಜಾಗ ಉಳಿಯಿತು.

ನೀನೂ ಆ ಇಪ್ಪತ್ತೆರಡು ಕೋಟನ್ನು ಹೀಗೇ ಮಾಡು. ತೋಳೆಲ್ಲ ಒಂದು ಕಡೆ, ಬೆನ್ನೆಲ್ಲ ಒಂದು ಕಡೆ. ಸೀಮೆಸುಣ್ಣದಲ್ಲಿ ತುಂಡು ತುಂಡಿಗೂ ನಂಬರು ಬರೆಯುತ್ತ ಕೂರಬೇಡ. ನಿನ್ನದೇ ಉಪಾಯ ತಾನೇ, ಪೂರ್ತಿ ನಂಬು.

ಕುಣಿಯುತ್ತಿರುವ,
ಮೆಣಸು


ಏಪ್ರಿಲ್ 14

ಪ್ರೀತಿಯ ಮೆಣಸೂ,

ಸಂತೋಷವಾಯಿತು. ಇಷ್ಟು ಬೇಗ ಸರಿಹೋಯಿತಲ್ಲ ಅಂತ ಸ್ವಲ್ಪ ಭಯವೂ ಆಯಿತು.

ನೀನು ಹೇಳಿದ ಹಾಗೇ ಮಾಡಿದ್ದೇನೆ. ಕಲಿತವಳು ಹೇಳಿದ ಮೇಲೆ ಮಾಡದಿದ್ದರೆ ಹೇಗೆ? ಅಂಗಡಿ ಗುರುತೇ ಸಿಗುವುದಿಲ್ಲ. ಕಿಟಕಿ ಪಕ್ಕ ಬೆನ್ನುಗಳು, ಬೆಂಚಿನ ಮೇಲೆ ಎದೆಗಳು, ಸ್ಟೂಲಿನ ಮೇಲೆ ಕಾಲರುಗಳು, ಮೂಲೆಯಲ್ಲಿ ಇಪ್ಪತ್ತೆರಡು ಜೊತೆ ತೋಳು. ಸೀಮೆಸುಣ್ಣ ಮುಟ್ಟಿಲ್ಲ. ಮುಟ್ಟದೆ ಕೈ ತುರಿಸುತ್ತಿದೆ. ನಿನ್ನ ಭಾವ ಬಂದು ಬಾಗಿಲಲ್ಲೇ ನಿಂತರು. "ಏನೇ ಇದು, ಇಪ್ಪತ್ತೆರಡು ಜನರನ್ನ ಕಡಿದು ಹಾಕಿದ್ದೀಯಾ?" ಅಂದರು.

ಕೆಲಸ ಮಾತ್ರ ನಿಜವಾಗಿಯೂ ಹಾರುತ್ತಿದೆ. ಕಾಲರು ಒಂದೇ ಬೆಳಿಗ್ಗೆಗೆ ಮುಗಿಯಿತು. ಸಂಜೆ ಹೊತ್ತಿಗೆ ಬೀಳುವ ಹಾಗಿರುವುದನ್ನು ಅಂದವಾಗಿ ಪೇರಿಸಿಯೇ ಬೀಗ ಹಾಕುತ್ತೇನೆ. ನನ್ನ ಅಭ್ಯಾಸ ನಿನಗೆ ಗೊತ್ತಲ್ಲ.

ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಅಕ್ಷರ ಸಣಕಲಾಗಿದೆ.

ನಿನ್ನ ಅಕ್ಕ


ಮೇ 16

ಅಕ್ಕಾ,

ಒಂದೂವರೆ ತಿಂಗಳು ಬರೆಯಲಿಲ್ಲ ಅಂತ ಬೈಯಬೇಡ. ಬರೆಯುವಂಥದ್ದು ಇರಲಿಲ್ಲ.

ಯಂತ್ರ ಈಗಲೂ ನಿಮಿಷಕ್ಕೆ ನೂರಾ ಹತ್ತು ಪಾರ್ಸೆಲ್ ತಳ್ಳುತ್ತದೆ. ಎಲ್ಲವನ್ನೂ ತಪ್ಪು ಬಾಗಿಲಿಗೆ. ಮೊದಲು 'ಗೊತ್ತಿಲ್ಲ' ಅಂತಾದರೂ ಒಪ್ಪಿಕೊಳ್ಳುತ್ತಿತ್ತು. ಈಗ ಎಲ್ಲ ಗೊತ್ತಿರುವವರ ಹಾಗೆ ಎದೆಯುಬ್ಬಿಸಿ ತಪ್ಪು ಮಾಡುತ್ತದೆ. ಹಲ್ಲಿನ ಸೆಟ್ಟಿನ ಪೆಟ್ಟಿಗೆ ಗಿಡ ಮಾರುವವರ ಮನೆಗೆ ಹೋಯಿತು. ಅವರ ಕುಂಬಳ ಬೀಜ ದಂತವೈದ್ಯರ ಹತ್ತಿರ ಹೋಯಿತು. ದಂತವೈದ್ಯರು ಫೋನ್ ಮಾಡಿ, "ಇದನ್ನ ಬಾಯಲ್ಲೇ ಬಿತ್ತಬೇಕಾ, ಮೊದಲು ಉಳಬೇಕಾ?" ಅಂತ ಕೇಳಿದರು.

ಗಡಿಯಾರ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ನಿಧಾನಕ್ಕೆ ತಪ್ಪೋದಕ್ಕಿಂತ ಬೇಗ ತಪ್ಪೋದು ಒಳ್ಳೇದು ಅಂತಾನಾ ಇದು?"

"ಇಲ್ಲ ಸಾರ್."

"ಮೂವತ್ತನೇ ತಾರೀಕು ಬದಲಾಗಲ್ಲ."

"ಗೊತ್ತು ಸಾರ್."

ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಪ್ರೋಗ್ರಾಮಿನಲ್ಲಿ ಹೊಸದಾಗಿ ಬರೆದ ಪ್ರತಿ ಸಾಲನ್ನೂ ಒಂಬತ್ತು ಸಲ ಓದಿದ್ದೇನೆ. ಒಂದು ತಪ್ಪೂ ಇಲ್ಲ. ವಿಚಿತ್ರ ಅಂದರೆ ಅಲ್ಲೊಂದು ಇಲ್ಲೊಂದು ಪಾರ್ಸೆಲ್ ಸರಿಯಾದ ಬಾಗಿಲಿಗೇ ಹೋಗುತ್ತದೆ. ಅದನ್ನು ನೋಡಿದರೆ ಇನ್ನೂ ಹೊಟ್ಟೆ ಉರಿಯುತ್ತದೆ.

ಅಂಗಡಿಯಲ್ಲಿ ಒಂದು ಸ್ಟೂಲು ಖಾಲಿ ಇಟ್ಟಿರು. ಈ ಸಲ ತಮಾಷೆಗೆ ಹೇಳುತ್ತಿಲ್ಲ.

ಮೆಣಸು


ಮೇ 20

ಪ್ರೀತಿಯ ಮೆಣಸೂ,

ನಿನ್ನ ಕಾಗದ ನಿನ್ನೆ ಬಂತು. ನನ್ನ ಮಾನ ಅದರ ಹಿಂದಿನ ದಿನವೇ ಹೋಗಿತ್ತು. ಸ್ಟೂಲಿನ ಮಾತು ಆಮೇಲೆ. ಮೊದಲು ಇದನ್ನು ಪೂರ್ತಿ ಓದು, ಮಧ್ಯೆ ಏಳಬೇಡ.

ತೋಳುಗಳಿಗೆ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡುವುದಕ್ಕೆ ಇಡೀ ಬ್ಯಾಂಡನ್ನು ಕರೆದಿದ್ದೆ. ಅಂಗಡಿಯಲ್ಲಿ ಹಿಡಿಸದೆ ಅರ್ಧ ಜನ ಬೀದಿಯಲ್ಲಿ ನಿಂತರು. ಮಾಸ್ತರು ಪಟ್ಟಿಯಲ್ಲಿ ಒಂದನೆಯವರು. ಆಳು ಲೈಟು ಕಂಬದ ಹಾಗಿದ್ದಾರೆ. ಅವರು ಕೋಟು ತೊಟ್ಟು, ಕೋಲು ಹಿಡಿದ ಹಾಗೆ ಕೈ ಎತ್ತಿದರು ನೋಡು, ತೋಳು ಸರ್ರನೆ ಮೊಣಕೈ ದಾಟಿ ಮೇಲೆ ಹೋಯಿತು.

"ಏನಮ್ಮಾ ಇದು, ಕೋಟೋ ರವಿಕೆಯೋ?"

ನನಗೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಒಗೆದ್ರೆ ಬಿಡುತ್ತೆ ಸಾರ್."

"ಒಗೆದ್ರೆ ಬಟ್ಟೆ ಚಿಕ್ಕದಾಗೋದು ಕಂಡಿದ್ದೀನಿ. ಉದ್ದ ಆಗೋದನ್ನ ನಿಮ್ಮಂಗಡೀಲೇ ಕೇಳಿದ್ದು."

ಪಟ್ಟಿಯ ಕೊನೆಯವರು ತಾಳ ಹೊಡೆಯುವ ಅಜ್ಜ. ನನ್ನ ಭುಜಕ್ಕೆ ಬರುತ್ತಾರೆ. ಅವರ ಎರಡೂ ಕೈ ಕೋಟಿನೊಳಗೇ ಮಾಯವಾಗಿದ್ದವು. ಮಾಸ್ತರು ರೇಗಿ, "ಎಲ್ಲಿ, ತಾಳ ಹೊಡೀರಿ ನೋಡೋಣ" ಅಂದರು. ಅಜ್ಜ ಹೊಡೆದರು. ದಿಂಬಿಗೆ ದಿಂಬು ಬಡಿದ ಹಾಗೆ 'ದುಪ್' ಅಂತು.

"ನಂಗೇನೋ ಬೆಚ್ಚಗಿದೆ" ಅಂದರು ಅಜ್ಜ. "ಕೈ ಎಲ್ಲಿದೆ ಅಂತ ಒಂದು ಹೇಳಿಬಿಡಮ್ಮ, ಸಾಕು."

ಇಪ್ಪತ್ತೆರಡು ಜನರಲ್ಲಿ ಹನ್ನೊಂದನೆಯ ತುತ್ತೂರಿಯವನಿಗೆ ಮಾತ್ರ ಎರಕ ಹೊಯ್ದ ಹಾಗೆ ಕೂತಿತ್ತು. ಅವನೊಬ್ಬ ಕನ್ನಡಿ ಮುಂದೆ ತಿರುಗಿ ತಿರುಗಿ, "ನಂದು ಚೆನ್ನಾಗಿದೆಯಲ್ಲ, ಇವರಿಗೇನು ರೋಗ?" ಅಂತ ಎಲ್ಲರ ಹೊಟ್ಟೆ ಉರಿಸಿದ.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಟೇಪು ಹಿಡಿದೆ. ಕತ್ತರಿಸಿದ್ದರಲ್ಲಿ ತಪ್ಪಿಲ್ಲ. ಹೊಲಿದಿದ್ದರಲ್ಲಿ ತಪ್ಪಿಲ್ಲ. ನಿನ್ನ ಹಾಗೆಯೇ ಹೊಸದಾಗಿ ಮಾಡಿದ್ದೆಲ್ಲವನ್ನೂ ನೋಡಿದೆ, ಎಲ್ಲ ಸರಿ. ಸಂಜೆ ಬೀಗ ಹಾಕುವ ಮುಂಚೆ, ಕೈ ತನ್ನಷ್ಟಕ್ಕೆ ತಾನೇ ಹೋಗಿ ಉಳಿದ ತುಂಡುಗಳನ್ನು ಪೇರಿಸತೊಡಗಿತು. ಉದ್ದದ್ದು ಕೆಳಗೆ, ಗಿಡ್ಡದ್ದು ಮೇಲೆ.

ಅಲ್ಲೇ ಕೈ ಹಿಂದಕ್ಕೆ ಎಳೆದುಕೊಂಡೆ.

ತೋಳುಗಳನ್ನೂ ದಿನಾ ಸಂಜೆ ಹಾಗೇ ಪೇರಿಸಿದ್ದೆ. ಉದ್ದದ್ದು ಕೆಳಗೆ, ಗಿಡ್ಡದ್ದು ಮೇಲೆ. ಬೆನ್ನು, ಎದೆ, ಕಾಲರು ಚಪ್ಪಟೆ ಇರುತ್ತವೆ, ಬೀಳುವುದಿಲ್ಲ, ಅವನ್ನು ಅಲುಗಿಸಿರಲಿಲ್ಲ. ಮೇಲಿನಿಂದ ತೆಗೆದ ಮೊದಲನೇ ಜೊತೆ, ಎಲ್ಲಕ್ಕಿಂತ ಗಿಡ್ಡದ್ದು, ಒಂದನೆಯವರಾದ ಮಾಸ್ತರಿಗೆ ಹೋಯಿತು. ತಳದಲ್ಲಿದ್ದ ಉದ್ದದ್ದು ಅಜ್ಜನಿಗೆ. ನಡುವಿನವನಿಗೆ ನಡುವಿನದು, ಅದಕ್ಕೇ ಅವನ ಜಂಬ.

ಮೆಣಸೂ, ಈ ಪೇರಿಸುವ ಅಭ್ಯಾಸ ನನಗೆ ಮೂವತ್ತು ವರ್ಷದಿಂದ ಇದೆ. ಗಂಟು ಇದ್ದಾಗ ಯಾವ ತೊಂದರೆಯೂ ಇರಲಿಲ್ಲ. ಗಂಟನ್ನು ಎಲ್ಲಿಗೆ ಸರಿಸಿದರೂ ಒಳಗಿನದೆಲ್ಲ ಜೊತೆಗೇ ಹೋಗುತ್ತಿತ್ತು. ಗಂಟು ಬಿಚ್ಚಿದ ಮೇಲೆ ಒಂದು ರಾಶಿಯನ್ನು ಕದಲಿಸಿದರೆ ಎಲ್ಲಾ ರಾಶಿಯನ್ನೂ ಹಾಗೇ ಕದಲಿಸಬೇಕು. ಇಲ್ಲವಾದರೆ ಜಾಗವೇ ಹೆಸರು ಅಂದಿದ್ದೆಯಲ್ಲ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಓಡಾಡುತ್ತಾರೆ.

ಈಗ ನನ್ನ ಪ್ರಶ್ನೆ. ನೀನು ನನ್ನ ತಂಗಿ. ನಿನಗೂ ಏನಾದರೂ ಹೀಗೆ ಓರಣ ಮಾಡುವ ಚಟ ಇದೆಯಾ? ಹೊಸದಾಗಿ ಬರೆದದ್ದನ್ನು ಒಂಬತ್ತು ಸಲ ಓದಿದೆ ಅಂದೆ. ಹಳೆಯದನ್ನು ಓದಿದೆಯಾ? ಮೊದಲಿನಿಂದಲೂ ಇದ್ದದ್ದು, ಯಾರೂ ತಿರುಗಿ ನೋಡದೇ ಇರುವುದು, ಪಾಪದ ಹಾಗೆ ಕೂತಿರುವುದು?

ಇದೂ ದಡ್ಡ ಪ್ರಶ್ನೆಯಾದರೆ ಹರಿದು ಹಾಕು. ಆದರೆ ಓದಿ ಹರಿ.

ನಿನ್ನ ಅಕ್ಕ

ತಾ.ಕ. ತಪ್ಪು ಅರ್ಧ ನನ್ನದು. ಸೀಮೆಸುಣ್ಣ ಬೇಡ ಅಂದವಳು ನೀನು.


ಮೇ 31

ಅಕ್ಕಾ,

ಹರಿದು ಹಾಕಲಿಲ್ಲ. ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ.

ಪ್ರೋಗ್ರಾಮಿನಲ್ಲಿ ಒಂದು ಹಳೆಯ ಸಾಲು ಇತ್ತು. ನಾನೇ ಎರಡು ವರ್ಷದ ಹಿಂದೆ ಬರೆದದ್ದು. ಬೆಳಿಗ್ಗೆ ಆ ದಿನದ ಪಟ್ಟಿ ಬಂದ ತಕ್ಷಣ ಪಾರ್ಸೆಲ್ ನಂಬರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸು, ಹುಡುಕಲು ಸುಲಭ. ಅಷ್ಟೇ ಅದು ಹೇಳುವುದು. ಗಂಟು ಇದ್ದಾಗ ನಂಬರಿನ ಜೊತೆ ಬಾಗಿಲೂ ಬರುತ್ತಿತ್ತು. ಈಗ ನಂಬರು ಮಾತ್ರ ಸಾಲು ಬದಲಾಯಿಸಿ ಕೂರುತ್ತಿತ್ತು, ಬಾಗಿಲುಗಳು ಇದ್ದಲ್ಲೇ ಇರುತ್ತಿದ್ದವು. ಏಪ್ರಿಲ್‌ನಲ್ಲಿ ಯಾಕೆ ಸರಿಯಿತ್ತು ಗೊತ್ತಾ? ಆ ನೂರು ಪೆಟ್ಟಿಗೆಗಳಿಗೆ ನಾನೇ ಒಂದರಿಂದ ನೂರರವರೆಗೆ ಕ್ರಮವಾಗಿ ಚೀಟಿ ಅಂಟಿಸಿದ್ದೆ. ಮೊದಲೇ ಓರಣವಾಗಿದ್ದದ್ದನ್ನು ಓರಣ ಮಾಡಿದರೆ ಏನೂ ಕದಲುವುದಿಲ್ಲ.

ನಿನ್ನ ಕಾಗದ ಬಂದದ್ದು ಇಪ್ಪತ್ತೆಂಟಕ್ಕೆ. ತಡವಾಗಿದ್ದೇಕೆ ಅಂದರೆ ಅದು ನಮ್ಮ ಡಿಪೋದ ಮೂಲಕವೇ ಬಂದು, ನನ್ನ ಯಂತ್ರವೇ ಅದನ್ನು ಐಸ್ ಕಾರ್ಖಾನೆಗೆ ಕಳಿಸಿತ್ತು. ಅಲ್ಲಿಯ ಪುಣ್ಯಾತ್ಮರೊಬ್ಬರು ತಂದುಕೊಟ್ಟರು. ಕಾಗದ ಇನ್ನೂ ತಣ್ಣಗಿತ್ತು.

ನಿನ್ನೆ ಪರೀಕ್ಷೆ ಆಯಿತು. ಎರಡು ಸಾವಿರ ಪಾರ್ಸೆಲ್, ನಿಮಿಷಕ್ಕೆ ನೂರಾ ಎಂಟು. ಬೆಳಿಗ್ಗೆ ನಂಬರಿನ ಜೊತೆ ಬಾಗಿಲನ್ನೂ ಕದಲಿಸಿದ ಹೊತ್ತನ್ನು ಲೆಕ್ಕಕ್ಕೆ ಹಿಡಿದದ್ದಕ್ಕೆ ಆ ಎರಡು ಕಡಿಮೆಯಾಯಿತು. ಒಂದೂ ತಪ್ಪಲಿಲ್ಲ. ಬುಟ್ಟಿ ಖಾಲಿ, ನಿನ್ನ ಕನಸಿನ ಸೋದರತ್ತೆ ಕೂಡ ಇರಲಿಲ್ಲ. ಯಂತ್ರ ಉಳಿಯಿತು. ನಾನೂ ಉಳಿದೆ.

ಗಡಿಯಾರ ಬಂದು ಕೇಳಿದರು. "ಹೇಗೆ ಸಿಕ್ತು ತಪ್ಪು?"

"ನಮ್ಮಕ್ಕ ಹಿಡಿದ್ರು ಸಾರ್."

"ಅವರೂ ಇದೇ ಲೈನಾ? ಏನು ಓದಿದ್ದಾರೆ?"

"ಏಳನೇ ಕ್ಲಾಸು ಸಾರ್. ಮೂರು ಸಲ."

"ಅದಕ್ಕೇ ಮತ್ತೆ" ಅಂದರು. "ಒಂದೇ ಸಲ ಓದಿದೋರಿಗೆ ಇದು ಹೊಳೆಯಲ್ಲ." ಅಕ್ಕಾ, ಅವರು ಆಗ ಗಡಿಯಾರ ನೋಡಲಿಲ್ಲ.

ಸ್ಟೂಲನ್ನು ಬೇರೆ ಯಾರಿಗಾದರೂ ಕೊಡು. ನನಗೊಂದು ಕೋಟು ಬೇಕು, ಕೆಂಪು ಬಟ್ಟೆ ಉಳಿದಿದ್ದರೆ. ನನ್ನ ಅಳತೆ ನಿನ್ನ ಹತ್ತಿರ ಇದೆಯಲ್ಲ.

ನಿನ್ನ ಮೂರನೇ ಅನಾಹುತ


ಜೂನ್ 7

ಪ್ರೀತಿಯ ಮೆಣಸೂ,

ನಿನ್ನ ಕಾಗದವನ್ನು ಬೇಕರಿಯವರಿಗೆ ಎರಡು ಸಲ ಓದಿ ಹೇಳಿದೆ. ನಿನ್ನ ಭಾವ ಅದಕ್ಕೆ ಗಾಜಿನ ಕಟ್ಟು ಹಾಕಿಸುತ್ತೇನೆ ಅಂತಿದ್ದಾರೆ. ನೂರಾ ಎಂಟು ಅಂದೆಯಲ್ಲ, ನಾಳೆ ನೂರಾ ಏಳಾದರೆ? ಇರಲಿ, ಇವತ್ತು ಆ ಚಿಂತೆ ಮಾಡುವುದಿಲ್ಲ.

ಕೋಟುಗಳು ಹೋದವು. ಕಚ್ಚಾ ಹೊಲಿಗೆ ಬಿಚ್ಚಿ, ಒಂದೊಂದು ತೋಳನ್ನೂ ಅಳೆದು, ಚೀಟಿ ನೋಡಿ ಹಾಕಿದೆ. ತಾಳದ ಅಜ್ಜ ಮಾತ್ರ ಮುಖ ಸಣ್ಣ ಮಾಡಿದರು. "ಮೊದಲಿನ ತೋಳೇ ಬೆಚ್ಚಗಿತ್ತಮ್ಮ" ಅಂದರು.

ಆ ಅನಾಹುತದ ಲೆಕ್ಕ. ತೀರ್ಮಾನ ಬಹಳ ಹಿಂದೆಯೇ ಆಗಿತ್ತು, ನಿನಗೆ ಹೇಳಿರಲಿಲ್ಲ ಅಷ್ಟೆ. ಎಲ್ಲಕ್ಕಿಂತ ದೊಡ್ಡದು ಅಪ್ಪನ ಕಾಲು. ಎರಡನೆಯದು ಕಾಮಾಲೆ. ಮೂರನೇ ಸಲ ಶಾಲೆಯ ಮಾಸ್ತರು ಮನೆಗೇ ಬಂದು ಕ್ಲಾಸಿಗೆ ಬಾ ಅಂದಿದ್ದರು. ನೀನು ನನ್ನ ಬೆರಳು ಹಿಡಿದುಕೊಂಡು ಮಲಗಿದ್ದೆ. ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಈ ವಿಷಯಕ್ಕೆ ಉತ್ತರ ಬರೆಯಬೇಡ, ನನಗೆ ನಾಚಿಕೆಯಾಗುತ್ತದೆ.

ನಿನ್ನ ಕೋಟಿಗೆ ಬಟ್ಟೆ ಧಾರಾಳವಾಗಿ ಉಳಿದಿದೆ. ಬೆನ್ನು, ಎದೆ ಕತ್ತರಿಸಿ ಆಯಿತು. ತೋಳಿಗೆ ಬಂದು ಕತ್ತರಿ ನಿಂತಿದೆ. ನಿನ್ನ ಅಳತೆ ಚೀಟಿಯನ್ನು ಬ್ಯಾಂಡಿನವರ ಚೀಟಿಗಳ ಕೆಳಗೆ ಇಪ್ಪತ್ತಮೂರನೆಯದಾಗಿ ಇಟ್ಟಿದ್ದೆ. ಜಾಗವೇ ಹೆಸರು ಅಂತ ಯಾವ ಚೀಟಿಗೂ ಹೆಸರು ಬರೆದಿರಲಿಲ್ಲ. ಎದೆ ಕತ್ತರಿಸಿ ಮುಗಿಸಿದ ಮೇಲೆ ಮೊನ್ನೆ ಗಾಳಿಗೆ ಕೊನೆಯ ನಾಲ್ಕು ಚೀಟಿ ಹಾರಿ ನೆಲಕ್ಕೆ ಬಿದ್ದವು. ಹೆಕ್ಕಿ ಇಟ್ಟವರು ನಿನ್ನ ಭಾವ. ಈಗ ಇಪ್ಪತ್ತಮೂರನೆಯದರಲ್ಲಿ ತೋಳು ಇಪ್ಪತ್ತಾರು ಅಂಗುಲ ಅಂತಿದೆ. ಅದು ನಿನ್ನದೋ, ದೊಡ್ಡ ಡೋಲಿನವರದೋ? ಟೇಪು ತಗೊಂಡು ಎಡಗೈಯನ್ನು ಭುಜದಿಂದ ಮಣಿಕಟ್ಟಿನವರೆಗೆ, ಮೊಣಕೈ ಒಂಚೂರು ಮಡಿಸಿ, ಇನ್ನೊಂದು ಸಲ ಅಳೆದು ಬರಿ. ಚೀಟಿಯ ಮೇಲೆ ನಿನ್ನ ಹೆಸರು ಬರೆಯುವುದನ್ನು ಮರೆಯಬೇಡ.

ನಿನ್ನ ಅಕ್ಕ